ಬಟನ್ ಬಿಟ್ಟ ಮೇಲಿನ ಮಾತು

ವಾಕಿಟಾಕಿ ಗೊರಗುಟ್ಟಿದ್ದೇ ತಡ, ಸೂಳೆಕೆರೆಯ ತೂಬು ಕಾಯುತ್ತಿದ್ದ ಹಿರಿಯರು ಎದ್ದು ನಿಂತು ಬಟನ್ ಒತ್ತಿದರು. “ತೂಬಿನ ಹತ್ರ ಎಲ್ಲ ಸರಿ ಐತೆ ಸಾರ್, ಓವರ್.” ಆ ಕಡೆ ನೀರಾವರಿ ಆಫೀಸಿನಿಂದ “ಓಕೆ” ಎಂಬ ಒಂದೇ ಮಾತು ಬಂದು ಸೆಟ್ಟು ಸುಮ್ಮನಾಯಿತು.

ಹಿರಿಯರು ಬಟನ್‌ನಿಂದ ಬೆರಳು ತೆಗೆದರು. ಸೆಟ್ಟನ್ನು ಮಾತ್ರ ಬಾಯಿಯ ಹತ್ತಿರವೇ ಹಿಡಿದು, “ಊಟ ಆತೇನ್ರಿ ಸಾರ್?” ಎಂದು ಮೆಲ್ಲಗೆ ಕೇಳಿದರು.

ಕೆರೆ ನೋಡಲು ಹೋಗಿ ಪಕ್ಕದಲ್ಲೇ ಕೂತಿದ್ದ ನಾನು, “ಬಟನ್ ಒತ್ತಿಲ್ವಲ್ಲ, ಅವರಿಗೆ ಕೇಳಿಸಲ್ಲ” ಎಂದೆ.

“ಗೊತ್ತೈತ್ರಿ. ಇದ್ರಾಗೆ ಸ್ವಂತ ಮಾತು ಆಡಂಗಿಲ್ಲ ಅಂತ ರೂಲ್ಸ್ ಐತೆ. ದಿನಾ ಹಿಂಗೇ ಕೇಳ್ತೀನಿ. ಇಲ್ಲಿ ಬ್ಯಾರೆ ಯಾರನ್ನ ಕೇಳಾಕೆ ಹೋಗ್ಲಿ?”

ಬೈಕ್ ಹತ್ತಿ ಚನ್ನಗಿರಿ ದಾಟಿದ ಮೇಲೆ ನನಗೆ ಹೊಳೆಯಿತು: “ನಂದು ಆತು, ನಿಮ್ದು ಆತೇನ್ರಿ?” ಎಂದು ನಾನಾದರೂ ಹೇಳಬಹುದಿತ್ತು.