ಹಿಜಲ್ ಮರದಾಚೆಯ ಬೀಗರು

ಮಳೆ ಹಿಡಿಯಿತೆಂದರೆ ಸಿಲ್ಹೆಟ್‌ನ ತಗ್ಗು ಸೀಮೆಯಲ್ಲಿ ಗದ್ದೆ, ಬದು, ದಾರಿ ಎಲ್ಲ ನೀರಿನಡಿ. ಊರುಗಳೆಲ್ಲ ನಡುಗಡ್ಡೆ. ಆದರೂ ಸರ್ಕಾರ ಆ ನೀರಿನ ನಟ್ಟನಡುವೆ ಗೆರೆ ಎಳೆದು, ತೆಂಕಣಕ್ಕೊಂದು ಠಾಣೆ, ಬಡಗಣಕ್ಕೊಂದು ಠಾಣೆ ಎಂದು ಹಂಚಿಬಿಟ್ಟಿದೆ. ಎಳೆದ ಪುಣ್ಯಾತ್ಮ ಒಂದು ದಿನವಾದರೂ ದೋಣಿ ಹತ್ತಿದ್ದನೋ ಇಲ್ಲವೋ! ಕಣ್ಣಿಗೆ ಕಾಣುವ ಗಡಿಯೆಂದರೆ ಕುತ್ತಿಗೆಮಟ್ಟ ಮುಳುಗಿ ನಿಂತ ಒಂಟಿ ಹಿಜಲ್ ಮರ.

ತೆಂಕಣದ ಕಾಂದಿಗಾಂವ್‌ಗೆ ಕಲಂದರ್ ಅಲಿ ಚೌಕಿದಾರ. ನೀಲಿ ಅಂಗಿ, ಹಿತ್ತಾಳೆ ಬಿಲ್ಲೆ, ಒಂದು ಸೀಟಿ. ಆದರೆ ಊರು ಅವನನ್ನು ಸಾಕಿದ್ದು ಬೇರೆಯೇ ಕೆಲಸಕ್ಕೆ. ಈ ನೀರಿನಲ್ಲಿ ಮೀನಿಗಾಗಿ ಹೊಡೆದಾಟ ತಪ್ಪಿದ್ದಲ್ಲ, ಹೆಣ ತೇಲುವುದೂ ತಪ್ಪಿದ್ದಲ್ಲ. ಹೆಣ ಯಾರ ಗಡಿಯಲ್ಲಿ ಸಿಕ್ಕಿತೋ ಆ ಊರಿಗೆ ಪೊಲೀಸರು ಬರುತ್ತಾರೆ. ಬಾತುಕೋಳಿ ಒಂದೂ ಉಳಿಯುವುದಿಲ್ಲ, ಗಂಡಸರ ಹೆಸರೆಲ್ಲ ಕೊಲೆ ಕೇಸಿಗೆ ಸೇರುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದಕ್ಕೇ ಕಲಂದರ್ ಕಬ್ಬಿಣದ ಮೊನೆಯ ಬಿದಿರಿನ ಗಳು ಹಿಡಿದು ಹೆಣವನ್ನು ಹಿಜಲ್ ಮರ ದಾಟಿಸುತ್ತಿದ್ದ. ಬೋರಲು ಬಿದ್ದದ್ದನ್ನು ತಿರುಗಿಸಬಾರದು, ಮುಖ ನೋಡಬಾರದು, ನೋಡಿದವನು ಸಾಕ್ಷಿಯಾಗುತ್ತಾನೆ ಎಂಬುದು ಅಪ್ಪನ ಕಾಲದ ಕಟ್ಟಳೆ. ಅಪ್ಪನೂ ಇದೇ ಬಿಲ್ಲೆ ಹಾಕಿದವನೇ.

ಆಚೆ ದಡದ ಚೌಕಿದಾರ ಖಗೇನ್ ದಾಸನದೂ ಇದೇ ಕಸುಬು. ಗಾಳಿ ತಿರುಗಿದರೆ ಅವನು ಈಚೆ ತಳ್ಳುತ್ತಿದ್ದ. ಇಬ್ಬರೂ ಮರದ ಕೊಂಬೆಗೆ ದೋಣಿ ಕಟ್ಟಿ ಬೀಡಿ ಸೇದುತ್ತಿದ್ದರು.

"ನಿನ್ ಕಡೆ ಬೀಗರನ್ನ ಕಳಿಸಿದೀನಿ ಖಗೇನ್ ದಾ, ಉಪಚಾರ ಚೆನ್ನಾಗಿ ಮಾಡಪ್ಪ."

"ಮಾಡ್ದೆ ಕಣಯ್ಯ. ಎಷ್ಟ್ ಹೇಳಿದ್ರೂ ಊಟಕ್ಕೆ ಏಳ್ಲಿಲ್ಲ, ವಾಪಸ್ ನಿನ್ ಮನೆಗೇ ಹೊರಟ್ರು!"

ನಗುತ್ತಿದ್ದರು. ಹೆಣದ ಮೇಲೆ ನಗುವವರನ್ನು ನಾನು ಹೊಗಳುವುದಿಲ್ಲ.

ಆ ಭಾದ್ರಪದದಲ್ಲಿ ಮರದ ಬುಡದ ಮೀನಿಗೆ ಜಗಳ ಹತ್ತಿತು. ಮೀನು ಸೇರಲೆಂದು ಮುಳುಗಿಸಿದ್ದ ಕೊಂಬೆರಾಶಿ ಗೆರೆಯ ಯಾವ ಮಗ್ಗುಲಿಗೆ ಎಂಬುದೇ ತಕರಾರು. ಕಲಂದರ್ ಎತ್ತಿ ಆಡಿಸಿ ಸಾಕಿದ ತಮ್ಮ ಸುರುಕ್, ಕೆಂಪು ಬನಿಯನ್ ತೊಟ್ಟು ಈಟಿ ತೆಗೆದುಕೊಂಡ.

"ಹೋಗಬೇಡ್ವೋ. ನಿನ್ನ ಕೈ ಮುಗೀತೀನಿ."

"ನೀವು ಹೆಣ ತಳ್ಳೋರು ಭೈಸಾಬ್. ಬದುಕಿರೋರ ವಿಷಯ ನಮಗೆ ಬಿಡಿ."

ಅಂದು ನಲವತ್ತು ದೋಣಿ ಒಂದಕ್ಕೊಂದು ಗುದ್ದಿದವು. ಮೀನಿಗೆಂದು ಮಾಡಿದ ಐದು ಹಲ್ಲಿನ ಈಟಿ ಒಬ್ಬನ ಕೆನ್ನೆಯಲ್ಲಿ ಹೊಕ್ಕು ಬಾಯಲ್ಲಿ ಹೊರಟಿತು. ದೋಣಿಯಂಚು ಹಿಡಿದ ಬೆರಳುಗಳ ಮೇಲೆ ಕತ್ತಿ ಬಿತ್ತು. ನೀರಿಗೆ ಬಿದ್ದವರ ತಲೆಯನ್ನು ಹುಟ್ಟಿನಿಂದ ಅದುಮಿ ಅದುಮಿ ಹಿಡಿದರು. ಕಲಂದರ್ ಸೀಟಿ ಊದಿದ. ಯಾರೋ ಬೀಸಿದ ಹುಟ್ಟು ಸೀಟಿಯನ್ನೂ ಎರಡು ಹಲ್ಲನ್ನೂ ಒಟ್ಟಿಗೆ ಒಡೆದುಹಾಕಿತು. ದೋಣಿಗಳು ಮರಳಿದವು, ಸುರುಕ್ ಮರಳಲಿಲ್ಲ.

ಅವನ ಹೆಂಡತಿ ಜಯ್‌ತುನ್ ಬಾಗಿಲ ಮರೆಯಲ್ಲಿ ನಿಂತು, "ಭೈಸಾಬ್, ಜೀವ ಇದ್ರೆ ಅಲ್ಲಾನ ದಯೆ. ಇಲ್ದಿದ್ರೆ ಮಣ್ಣಿಗಾದ್ರೂ ತಂದ್ಕೊಡಿ. ಮೀನಿಗೆ ಬಿಡಬೇಡಿ," ಎಂದಳು.

ಕಲಂದರ್ ಮಾತು ಕೊಟ್ಟ. ಎರಡು ದಿನ ಜೊಂಡೆಲ್ಲ ತಡಕಿದ. ಮೂರನೆಯ ಬೆಳಿಗ್ಗೆ ಬಡಗಣ ಗಾಳಿ ಎದ್ದಿತು. ಊರಿನ ಪಂಚಾಯ್ತಿ ಮೆಂಬರು ಇದ್ರಿಸ್ ಕೂಗಿ ಕರೆದ. ಊರ ಕಟ್ಟೆಯ ಮೆಟ್ಟಿಲಿಗೆ ಅಂತರಗಂಗೆಯ ಜೊತೆ ಒಂದು ಹೆಣ ಬಂದು ತಾಗಿತ್ತು. ಬೋರಲು, ಬರಿಮೈ, ಊದಿ ಹಸಿರುಗಟ್ಟಿದ ಬೆನ್ನಲ್ಲಿ ಈಟಿಯ ಐದು ತೂತು.

"ನಿನ್ ತಮ್ಮ ಬನಿಯನ್ ಹಾಕಿದ್ನಲ್ಲ? ಇವನು ಅವರ ಕಡೆಯೋನೇ. ತಳ್ಳಯ್ಯ ಬೇಗ, ಅವರೋನ ಹೆಣ ನಮ್ಮ ಕಟ್ಟೇಲಿ ಸಿಕ್ರೆ ಊರೇ ಜೈಲಿಗೆ!"

ಕಲಂದರ್ ತಿರುಗಿಸಿ ನೋಡಬಹುದಿತ್ತು. ಕಟ್ಟಳೆ ಅಡ್ಡ ಬಂತು ಎಂದು ಆಮೇಲೆ ಹೇಳಿಕೊಂಡ. ನಿಜ ಅದಷ್ಟೇ ಅಲ್ಲ: ನೋಡಿದರೆ ಎಲ್ಲಿ ತಮ್ಮನೇ ಆಗಿಬಿಡುತ್ತಾನೋ ಎಂದು ಅವನ ಎದೆ ಹೆದರಿತ್ತು. ಗಳು ಊರಿದ. ಊದಿದ ಮೈ ಜಾರಿತು. ಮೊನೆ ನಾಟುವಂತೆ ಒತ್ತಿ, ಮರ ದಾಟುವವರೆಗೂ ತಳ್ಳಿ, ಮತ್ತೆ ತಮ್ಮನನ್ನು ಹುಡುಕಲು ಹೊರಟ.

ಮಧ್ಯಾಹ್ನ ಖಗೇನ್ ಮರದ ಹತ್ತಿರ ದೋಣಿ ನಿಲ್ಲಿಸಿಕೊಂಡು ಕೈಬೀಸಿದ. ಬೀಗರ ಮಾತಿಲ್ಲ, ಬೀಡಿಯಿಲ್ಲ. ಹಿಜಲ್ ಕೊಂಬೆಗೆ ಅವನು ತನ್ನ ಪಂಚೆಯಿಂದ ಹೆಣ ಕಟ್ಟಿದ್ದ.

"ಇವತ್ತು ಹೆಣ ತಿರುಗಿಸಿ ಮುಖ ನೋಡ್ಬಿಟ್ಟೆ ಕಲಂದರ್ ಭಾಯಿ. ನನ್ ತಂಗಿ ಮಗನೂ ಮನೆಗೆ ಬಂದಿಲ್ಲ, ಅವನೇ ಏನೋ ಅಂತ." ಅವನು ಹೆಣವನ್ನು ಕಲಂದರನ ಕಡೆ ತಿರುಗಿಸಿದ. "ನೀನೇ ನೋಡು."

ಮೀನು ತಿಂದ ಮುಖ. ಬನಿಯನ್ ಹೊಡೆದಾಟದಲ್ಲೇ ಹರಿದುಹೋಗಿತ್ತು. ಆದರೆ ಬೆಳಿಗ್ಗೆ ನೀರಿನಡಿ ಇದ್ದ ತೋಳಿನ ತಾಯತ ಕಲಂದರನೇ ಕಟ್ಟಿದ್ದು. ಅವನು ನೀರಿಗೆ ಹಾರಿ ತಮ್ಮನನ್ನು ತಬ್ಬಿದ. ಬೆನ್ನಿನ ಮೇಲೆ ಕೈಯಾಡಿಸಿದಾಗ ಐದು ತೂತಿನ ಪಕ್ಕ ಆರನೆಯದೊಂದು ಬೆರಳಿಗೆ ಸಿಕ್ಕಿತು, ಗಳುವಿನ ಮೊನೆಯಷ್ಟೇ ಅಗಲದ್ದು. ಅವನು ಊಳಿಟ್ಟ ಸದ್ದಿಗೆ ಮರದ ಕೊಕ್ಕರೆಗಳೆಲ್ಲ ಎದ್ದುಹೋದವು.

"ಯಾವ ಕಡೆ ಸಿಕ್ತು ಅಂತ ಹೇಳೋಣ?" ಖಗೇನ್ ಮೆಲ್ಲಗೆ ಕೇಳಿದ.

"ಹಾಳಾಗ್ ಹೋಗ್ಲಿ ಕಡೆ! ಎತ್ತು, ಕೈ ಕೊಡು."

ಇಬ್ಬರೂ ಸೇರಿ ಎತ್ತಿದರು. ಸಂಜೆಗೆ ಮುನ್ನ ದೋಣಿ ಕಟ್ಟೆ ಸೇರಿತು. ಸಾಕ್ಷಿಯಾಗುತ್ತೀಯ ಎಂದು ಇದ್ರಿಸ್ ಗದರಿದ. ಕಲಂದರ್ ಬಿಲ್ಲೆ ಕಿತ್ತು ಅವನ ಎದೆಗೆ ಎಸೆದ. ಜಯ್‌ತುನ್ ಸೆರಗಿನಿಂದ ಗಂಡನ ಮೈಯ ಕೆಸರು ಒರೆಸುತ್ತ ಕೇಳಿದಳು.

"ಎಲ್ಲಿ ಸಿಕ್ಕಿದ್ರು ಭೈಸಾಬ್?"

ಸುಳ್ಳು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. "ಇದೇ ಕಟ್ಟೇಲಿ ಕಣಮ್ಮ. ಬೆಳಿಗ್ಗೆ. ನಾನೇ ತಳ್ದೆ."

ಅವಳು ಗಂಡನ ತಲೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಹಾಗಾದ್ರೆ ಅವರು ತಾವಾಗೇ ಮನೆಗೆ ಬಂದಿದ್ರು."