ಕೊನೆಯ ಸಾಲಿನ ರಾಳದ ಟೀಚರ್

ಭಾನುವಾರ ಬೆಳಗಿನ ಐದೂವರೆ. ಹಳೆಯ ಗೋದಾಮಿನ ಮೊದಲ ಮಹಡಿಯ ಬಾಗಿಲು ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುತ್ತದೆ. ಆಕೆ ಎಡಭುಜ ಕೊಡುತ್ತಾರೆ, ಬಲಗೈಯನ್ನು ಜೋಪಾನ ಮಾಡಬೇಕಲ್ಲ. ದೀಪ ಹಾಕಿದರೆ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಗೂಡುಗಳು, ಗೂಡಿಗೊಂದರಂತೆ ಕಪ್ಪು ಪೆಟ್ಟಿಗೆಗಳು. ಸ್ವೆಟರನ್ನು ಗೂಟಕ್ಕೆ ಸಿಕ್ಕಿಸಿ, ಮೊದಲ ಪೆಟ್ಟಿಗೆ ತೆರೆದು, ಪಿಟೀಲನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೀಟುತ್ತಾರೆ. "ಇದು ಶುದ್ಧ ಸೋಮಾರಿ. ವಾರಾ ವಾರಾ ಶ್ರುತಿ ಇಳಿದೇ ಇರುತ್ತೆ," ಎಂದು ಗೊಣಗಿ ಬಿರಡೆ ತಿರುಗಿಸುತ್ತಾರೆ.

ನಲವತ್ತೆರಡು ಮಕ್ಕಳ ತಂತಿವಾದ್ಯ ವೃಂದ ಇದು. ಇಪ್ಪತ್ತೈದು ಪಿಟೀಲು, ಅದಕ್ಕಿಂತ ದನಿ ಸ್ವಲ್ಪ ದಪ್ಪಗಿರುವ ಎಂಟು ವಿಯೋಲಾ, ಮಂಡಿಗಳ ನಡುವೆ ಇಟ್ಟುಕೊಂಡು ನುಡಿಸುವ ಏಳು ಚೆಲೊ, ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಎರಡು ಬಾಸ್. ಒಂದೊಂದಕ್ಕೂ ನಾಲ್ಕು ತಂತಿ, ಒಟ್ಟು ನೂರ ಅರವತ್ತೆಂಟು. ಇಷ್ಟನ್ನೂ ಶ್ರುತಿ ಮಾಡಲು ಆಕೆಗೆ ಒಂದು ಗಂಟೆ ಹತ್ತು ನಿಮಿಷ ಬೇಕು. ಆಮೇಲೆ ಸೊಂಟದ ಚೀಲದಿಂದ ರಾಳದ ಬಿಲ್ಲೆ ತೆಗೆದು ನಲವತ್ತೆರಡು ಕಮಾನುಗಳಿಗೂ ಉಜ್ಜುತ್ತಾರೆ. ರಾಳ ಹಚ್ಚದ ಕಮಾನಿನ ಕೂದಲು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ, ದನಿ ಹೊರಡುವುದಿಲ್ಲ. ದೊಡ್ಡ ಮಕ್ಕಳು ತಾವೇ ಹಚ್ಚಿಕೊಳ್ಳಬಲ್ಲರು, ಆದರೂ ಆಕೆ ಬಿಡುವುದಿಲ್ಲ. ಏಳು ಗಂಟೆಯ ಹೊತ್ತಿಗೆ ಆಕೆಯ ತೋಳೆಲ್ಲ ಬಿಳಿ ಪುಡಿ. ಅದಕ್ಕೇ ಮಕ್ಕಳು ಇಟ್ಟ ಹೆಸರು, ರಾಳದ ಟೀಚರ್.

ನನ್ನ ಸಂಗೀತಜ್ಞಾನ ಬಚ್ಚಲುಮನೆಯ ಬಾಗಿಲು ದಾಟಿದ್ದಲ್ಲ. ಈ ವೃಂದದ ಬಗ್ಗೆ ಬರೆಯಲು ಹೊರಟಾಗ ನನ್ನ ತಲೆಯಲ್ಲಿದ್ದವರು ಮುಂದೆ ನಿಂತು ಕೋಲು ಬೀಸುವ ನಿರ್ದೇಶಕರು. ಅವರು ಈಕೆಯ ತಮ್ಮ, ಐವತ್ತೊಂದು ವರ್ಷದ ಎತ್ತರದ ಆಳು. ಪೋಸ್ಟರಿನಲ್ಲಿ ಅವರ ಫೋಟೊ ಇದೆ, ಹೂಗುಚ್ಛ ಅವರ ಕೈಗೇ ಹೋಗುತ್ತದೆ. "ನನ್ನ ಬಗ್ಗೆ ಏನ್ ಬರೀತೀರಿ, ನಮ್ಮಕ್ಕನ ಹತ್ರ ಹೋಗಿ. ನಾನು ಗಾಳಿ ಬೀಸೋನು. ಕೆಲಸ ಎಲ್ಲ ಹಿಂದೆ ನಡಿಯುತ್ತೆ," ಎಂದು ನನ್ನನ್ನು ಸಾಗಹಾಕಿದವರೂ ಅವರೇ.

ಹಿಂದೆ ಎಂದರೆ ಅಕ್ಷರಶಃ ಹಿಂದೆ. ವೃಂದದಲ್ಲಿ ಇಬ್ಬಿಬ್ಬರು ಒಂದೊಂದು ಸ್ವರದ ಹಾಳೆ ಹಂಚಿಕೊಂಡು ಕೂರುತ್ತಾರೆ. ಇಪ್ಪತ್ತೈದು ಪಿಟೀಲುಗಳಲ್ಲಿ ಕೊನೆಯದಕ್ಕೆ ಜೊತೆ ಇಲ್ಲ. ಆ ಖಾಲಿ ಕುರ್ಚಿ ಟೀಚರದು. ಇಪ್ಪತ್ತೊಂದು ವರ್ಷಗಳಿಂದ ಅಲ್ಲೇ ಕೂತು, ಆ ವರ್ಷ ಎಲ್ಲರಿಗಿಂತ ಹಿಂದುಳಿದ ಮಗುವಿನ ಪಕ್ಕದಲ್ಲಿ ಮೆತ್ತಗೆ ನುಡಿಸುತ್ತಾರೆ. ವಾರದ ಉಳಿದ ದಿನ ನಾಲ್ಕು ಶಾಲೆಗಳಲ್ಲಿ ಪಾಠ, ದಿನಕ್ಕೆ ಮೂರು ಬಸ್ಸು. ಐವತ್ತನಾಲ್ಕರ ವಯಸ್ಸಿಗೆ ಕುತ್ತಿಗೆ ಒಂದು ಕಡೆ ವಾಲಿಕೊಂಡೇ ಇರುತ್ತದೆ. "ಫೋಟೊ ತೆಗೆಯೋರು ನೆಟ್ಟಗೆ ಕೂತ್ಕೊಳ್ಳಿ ಅಂತಾರೆ. ಇದೇ ನನ್ನ ನೆಟ್ಟಗೆ," ಎಂದು ನಗುತ್ತಾರೆ.

ಈ ವರ್ಷ ಪಕ್ಕದ ಕುರ್ಚಿಯಲ್ಲಿರುವುದು ಹನ್ನೊಂದು ವರ್ಷದ ಹುಡುಗಿ. ಎಲ್ಲರೂ ಕರೆಯುವುದು ಗಡಿಬಿಡಿ ಎಂದು, ಅವಳೂ ಓಗೊಡುತ್ತಾಳೆ. ಬೆರಳು ಚುರುಕು, ಕಿವಿ ಪರವಾಗಿಲ್ಲ, ತಾಳ್ಮೆ ಮಾತ್ರ ಕಾಸಿನಷ್ಟೂ ಇಲ್ಲ. ಈ ಸಲದ ಕಛೇರಿಯ ಕೊನೆಯ ರಚನೆಯಲ್ಲಿ ಒಂದು ಕಡೆ ನಲವತ್ತೆರಡೂ ವಾದ್ಯ ಒಟ್ಟಿಗೆ ನಿಲ್ಲುತ್ತವೆ. ನಾಲ್ಕು ಎಣಿಕೆಯಷ್ಟು ಪೂರ್ತಿ ಮೌನ. ಐದಕ್ಕೆ ಎಲ್ಲರೂ ಒಟ್ಟಿಗೆ ಶುರು ಮಾಡಬೇಕು. ನಾನು ನೋಡುತ್ತಿದ್ದ ಹಾಗೇ ಗಡಿಬಿಡಿ ಮೂರು ಸಲ ಆ ಮೌನದೊಳಗೆ ಒಬ್ಬಳೇ ನುಗ್ಗಿದಳು. ಮೂರನೆಯ ಸಲ ಮುಂದಿನ ಸಾಲಿನವರು ತಿರುಗಿ ನೋಡಿದರು, ಅವಳು ಪಿಟೀಲಿನ ಹಿಂದೆ ಮುಖ ಮುಚ್ಚಿಕೊಂಡಳು.

ನಿರ್ದೇಶಕರು ಗದರಲಿಲ್ಲ. ಅವರು ಪ್ರತಿವಾರ ಹೇಳುವುದನ್ನೇ ಹೇಳಿದರು: "ಹಾಳೆ ನೋಡ್ಬೇಡಿ, ಪಕ್ಕದವರನ್ನ ನೋಡ್ಬೇಡಿ, ನನ್ನ ಕೈ ನೋಡಿ. ನನ್ನ ಕೈ ಎಲ್ಲಿ ಬೀಳುತ್ತೋ ಅಲ್ಲೇ ಶುರು. ನಾನು ತಪ್ಪಾದ್ರೂ ಸರಿ, ನನ್ನ ಜೊತೆಗೇ ತಪ್ಪು ಮಾಡಿ." ಮಕ್ಕಳು ಕಿಸಕ್ಕೆಂದು ನಕ್ಕರು.

ನಗುವ ವಿಷಯ ಮಾತ್ರ ಅಲ್ಲಿರಲಿಲ್ಲ. ಈ ಕೋಣೆಯ ಕೀಲಿಕೈ ನಗರದ ಸಭಾಂಗಣ ಸಮಿತಿಯದು. ವರ್ಷಕ್ಕೊಮ್ಮೆ ಸಮಿತಿಯ ಮೂವರು ಬಂದು ಕಛೇರಿ ಕೇಳುತ್ತಾರೆ, ಒಪ್ಪಿಗೆಯಾದರೆ ಇನ್ನೊಂದು ವರ್ಷ ಕೋಣೆ ಇವರಿಗೆ. ಕಳೆದ ವರ್ಷ "ಶಿಸ್ತು ಸಾಲದು" ಎಂಬ ಎಚ್ಚರಿಕೆಯೊಂದಿಗೆ ಪತ್ರ ಬಂದಿತ್ತು. ಈ ಕೋಣೆಯ ಮೇಲೆ ಕಣ್ಣಿಟ್ಟ ಟೇಬಲ್ ಟೆನಿಸ್ ಸಂಘದವರು ಈಗಾಗಲೇ ಬಂದು ನೆಲ ಅಳೆದುಕೊಂಡು ಹೋಗಿದ್ದಾರೆ. ಕೋಣೆ ಹೋದರೆ ನಲವತ್ತೆರಡು ವಾದ್ಯ ಇಡಲು ಬೇರೆ ಜಾಗವಿಲ್ಲ, ಅಂದರೆ ವೃಂದವೂ ಇಲ್ಲ.

ಅಭ್ಯಾಸ ಮುಗಿದು ಮಕ್ಕಳು ಹೋದ ಮೇಲೆ ನಾನು ಮೆಟ್ಟಿಲಲ್ಲಿ ಕೂತು ಷೂ ದಾರ ಕಟ್ಟುತ್ತಿದ್ದೆ. ಅದು ಪೂರ್ತಿ ಮುಚ್ಚಿಕೊಳ್ಳದ ಬಾಗಿಲು. ಅಕ್ಕ ತಮ್ಮನ ಮಾತು ಕಿವಿಗೆ ಬಿತ್ತು.

"ಅಕ್ಕ, ಒಂದೇ ಒಂದು ಸಲ. ಗಡಿಬಿಡಿ ಕಮಾನಿಗೆ ಸೋಪು ಸವರಿಬಿಡೋಣ. ಅವಳಿಗೆ ಗೊತ್ತೂ ಆಗಲ್ಲ."

ಅಕ್ಕನ ದನಿ, ಏರದೆ ಇಳಿಯದೆ: "ಸೋಪು ತರೋಕೆ ಯಾರನ್ನ ಕಳಿಸ್ತೀಯ? ಆವತ್ತು ನಿನ್ನನ್ನ ಕಳಿಸಿದ್ರು."

"ನಿಂಗೆ... ಗೊತ್ತಿತ್ತಾ?"

"ನಿನ್ನ ಅಂಗಿ ಒಗೀತಿದ್ದೋಳು ನಾನೇ ತಾನೆ. ಜೇಬೆಲ್ಲ ಸೋಪು."

ನಾನು ಒಳಗೆ ಹೋಗಿ ಕದ್ದು ಕೇಳಿದ ತಪ್ಪನ್ನು ಒಪ್ಪಿಕೊಂಡೆ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ಟೀಚರ್ ಬೈಯಲಿಲ್ಲ, ಫ್ಲಾಸ್ಕಿನಿಂದ ಮೂರು ಲೋಟಕ್ಕೆ ಚಹಾ ಬಗ್ಗಿಸಿ ಕತೆ ಹೇಳಿದರು. ತಮ್ಮನೋ ನಮಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತಿದ್ದರು.

ನಲವತ್ತೆರಡು ವರ್ಷದ ಹಿಂದಿನ ಮಾತು. ಅಕ್ಕನಿಗೆ ಹನ್ನೆರಡು, ತಮ್ಮನಿಗೆ ಒಂಬತ್ತು. ಇಬ್ಬರೂ ಒಂದೇ ಶಾಲೆಯ ವೃಂದದಲ್ಲಿ, ತಮ್ಮ ಮೊದಲ ಸಾಲು, ಅಕ್ಕ ಕೊನೆಯ ಸಾಲು. ಹಿಂದುಳಿದ ಮಕ್ಕಳ ಕಮಾನಿಗೆ ಕಛೇರಿಯ ದಿನ ಸೋಪು ತಿಕ್ಕಿಬಿಡುವುದು ಅಲ್ಲಿನ ಮೇಷ್ಟರ ಉಪಾಯ. ಕೈ ಆಡುತ್ತದೆ, ನೋಡುವವರಿಗೆ ನುಡಿಸಿದಂತೆಯೇ ಕಾಣುತ್ತದೆ, ದನಿ ಮಾತ್ರ ಇಲ್ಲ. "ಗಾಜಿನ ಮೇಲೆ ಎಳೆದ ಹಾಗೆ ಜಾರ್ತಿತ್ತು. ನನ್ನ ಕೈಗೇ ಏನೋ ಆಯ್ತು ಅಂದ್ಕೊಂಡು ಒತ್ತಿ ಒತ್ತಿ ಎಳೆದೆ. ಮನೆಗೆ ಬಂದ ಮೇಲೆ ನಮ್ಮಪ್ಪ ಏನಂದ್ರು ಗೊತ್ತಾ? ಎಷ್ಟು ಚೆನ್ನಾಗಿ ನುಡಿಸಿದೆ ಮಗಳೇ, ನಿನ್ನ ದನಿ ನಂಗೆ ಬೇರೆಯಾಗೇ ಕೇಳಿಸ್ತು ಅಂದ್ರು." ಆ ಸಂಜೆ ಒದ್ದೆ ಬಟ್ಟೆಯಿಂದ ಕಮಾನು ಒರೆಸಿದಾಗ ನೊರೆ ಬಂತು. ಅಪ್ಪನಿಗೆ ಆಕೆ ಹೇಳಲೇ ಇಲ್ಲ. ಅಪ್ಪ ತೀರಿಕೊಳ್ಳುವವರೆಗೂ ಬಂದವರ ಮುಂದೆಲ್ಲ ಆ ಕಛೇರಿಯನ್ನು ಹೊಗಳುತ್ತಿದ್ದರಂತೆ.

ನಾಲ್ಕು ವರ್ಷ ಆಕೆ ಪಿಟೀಲು ಮುಟ್ಟಲಿಲ್ಲ. ಹದಿನಾರಕ್ಕೆ ಕೆಲಸ ಹುಡುಕಿಕೊಂಡು ಹೋದದ್ದು ಪಿಟೀಲು ರಿಪೇರಿ ಮಾಡುವ ಮುದುಕರೊಬ್ಬರ ಅಂಗಡಿಗೆ, ಅದೂ ಕಸ ಗುಡಿಸಲು. ರಿಪೇರಿಯಾದ ಪಿಟೀಲನ್ನು ಯಾರಾದರೂ ನುಡಿಸಿ ನೋಡಬೇಕಿತ್ತು, ಮುದುಕರ ಬೆರಳು ಸಂಧಿವಾತದಿಂದ ಬಗ್ಗುತ್ತಿರಲಿಲ್ಲ. "ಸುಮ್ನೆ ಒಂದು ಸಲ ಎಳಿ ಮಗು, ಕೂಗುತ್ತಾ ನೋಡೋಣ ಅಂತಿದ್ರು. ಒಂದೊಂದೇ ಎಳೀತಾ ಎಳೀತಾ ಕೈ ವಾಪಸ್ಸು ಬಂತು." ರಾಳ ಹಚ್ಚುವುದನ್ನೂ ಶ್ರುತಿ ಹಿಡಿಯುವುದನ್ನೂ ಕಲಿತದ್ದು ಅಲ್ಲಿಯೇ. ತಮ್ಮ ದೊಡ್ಡವರಾಗಿ ವೃಂದ ಕಟ್ಟಲು ಹೊರಟಾಗ ಆಕೆ ಹಾಕಿದ ಷರತ್ತು ಒಂದೇ: ಕಮಾನುಗಳ ಉಸ್ತುವಾರಿ ತನ್ನದು. ಆ ಷರತ್ತು ಯಾಕೆಂದು ಆಕೆ ಹೇಳಲಿಲ್ಲ, ತಮ್ಮ ಕೇಳಲೂ ಇಲ್ಲ.

"ಇದನ್ನ ಬರೀಬಹುದಾ?" ಎಂದು ಕೇಳಿದೆ. ಆಕೆ ಕಿಟಕಿಯ ಕಡೆ ನೋಡಿದರು. ತಮ್ಮ ತಿರುಗದೆಯೇ ತಲೆಯಾಡಿಸಿದರು. "ಬರೀರಿ," ಎಂದರು ಅಕ್ಕ. "ಅವನಿಗೂ ಹಗುರ ಆಗ್ಲಿ. ಒಂಬತ್ತು ವರ್ಷದ ಮಗು ಪಾಪ, ಮೇಷ್ಟ್ರು ತಾ ಅಂದ್ರೆ ಇನ್ನೇನು ಮಾಡ್ತಾನೆ."

ಮುಂದಿನ ಭಾನುವಾರ ಕಛೇರಿ, ಬೆಳಗ್ಗೆ ಹನ್ನೊಂದಕ್ಕೆ. ಸಭಾಂಗಣದ ಹಿಂದಿನ ಓಣಿಯಂಥ ಕೋಣೆಯಲ್ಲಿ ಟೀಚರ್ ಕಮಾನುಗಳನ್ನು ಸಾಲಾಗಿ ಇಟ್ಟುಕೊಂಡು ರಾಳ ಉಜ್ಜುತ್ತಿದ್ದಾರೆ. ಗಡಿಬಿಡಿ ಪಕ್ಕದಲ್ಲಿ ನಿಂತು ಉಗುರು ಕಚ್ಚುತ್ತಿದ್ದಾಳೆ.

"ಟೀಚರ್, ನಾನು ಆ ಜಾಗದಲ್ಲಿ ಸುಮ್ನೆ ಕೈ ಆಡಿಸ್ಲಾ? ಎಲ್ಲರೂ ಹಾಗೇ ಮಾಡು ಅಂದ್ರು."

"ಯಾರು ಎಲ್ಲರೂ? ಸರ್ ಅಂದ್ರಾ?"

"ಸರ್ ಏನೂ ಹೇಳ್ಲಿಲ್ಲ."

"ಹಾಗಾದ್ರೆ ನುಡಿಸು. ನನ್ನ ಷೂ ನೋಡ್ತಿರು. ನಾಲ್ಕು ಸಲ ತುದಿ ಎತ್ತಿ ಇಳಿಸ್ತೀನಿ. ಐದಕ್ಕೆ ಬಾ." ಎಂದು ಅವಳ ಕಮಾನಿಗೆ ಇನ್ನೆರಡು ಸಲ ಹೆಚ್ಚಿಗೆ ರಾಳ ತಿಕ್ಕಿ ಕೈಗೆ ಕೊಡುತ್ತಾರೆ. ಆಚೆ ನಿರ್ದೇಶಕರು ಕೈತೊಳೆಯುವ ತೊಟ್ಟಿಯ ಮುಂದೆ ನಿಂತು ಬಹಳ ಹೊತ್ತು ಕೈ ತೊಳೆಯುತ್ತಾರೆ.

ಸಮಿತಿಯ ಮೂವರು ಎರಡನೆಯ ಸಾಲಿನಲ್ಲಿ ಕಾಗದ, ಪೆನ್ನು ಹಿಡಿದು ಕೂತಿದ್ದಾರೆ. ಮೊದಲ ಮೂರು ರಚನೆಗಳು ಚೆನ್ನಾಗಿಯೇ ಸಾಗುತ್ತವೆ. ಕೊನೆಯದು ಶುರುವಾಗುತ್ತದೆ. ದನಿ ಏರುತ್ತಾ ಏರುತ್ತಾ ಹೋಗಿ, ನಿರ್ದೇಶಕರ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಮೌನ. ನಾನೂ ಎಣಿಸುತ್ತೇನೆ. ಒಂದು. ಎರಡು. ಮೂರು.

ನಾಲ್ಕು ಮುಗಿಯಲಿಲ್ಲ. ಕೊನೆಯ ಸಾಲಿನಿಂದ ಒಂದು ಪಿಟೀಲು ಒಂಟಿಯಾಗಿ, ಗಟ್ಟಿಯಾಗಿ, ಹೊಸ ರಾಳದ ಧೈರ್ಯದಲ್ಲಿ ಕೂಗಿಬಿಡುತ್ತದೆ.

ಆಗ ನಿರ್ದೇಶಕರ ಕೈ ಬೀಳುತ್ತದೆ. ಐದಕ್ಕೆ ಕಾಯದೆ, ಗಡಿಬಿಡಿಯ ಸ್ವರದ ಮೇಲೇ ಬೀಳುತ್ತದೆ. ಅವರ ಕೈಯನ್ನೇ ನೋಡುತ್ತಿದ್ದ ನಲವತ್ತೊಂದು ಮಕ್ಕಳು ರೆಪ್ಪೆ ಬಡಿಯುವಷ್ಟರಲ್ಲಿ ಅವಳ ಹಿಂದೆ ಬಂದು ಕೂಡಿಕೊಳ್ಳುತ್ತಾರೆ. ಸಭಾಂಗಣ ತುಂಬುತ್ತದೆ. ಕೊನೆಯ ಸಾಲಿನಲ್ಲಿ ಟೀಚರ್ ಒಂದು ಕ್ಷಣ ನುಡಿಸುವುದನ್ನೇ ಮರೆತು ತಮ್ಮನ ಮುಖ ನೋಡುತ್ತಾರೆ. ತಮ್ಮನೂ ಮಕ್ಕಳ ತಲೆಗಳ ಮೇಲಿಂದ ಅಕ್ಕನನ್ನೇ ನೋಡುತ್ತಿದ್ದಾರೆ. ಅವರ ಕೈ ಮಾತ್ರ ತಾಳ ತಪ್ಪದೆ ಬೀಸುತ್ತಲೇ ಇದೆ.

ಬುಧವಾರ ಬಂದ ಪತ್ರದ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಓದುಗರನ್ನು ಕಾಯಿಸುವ ಅಭ್ಯಾಸ ನನಗಿಲ್ಲ. ಕೋಣೆ ಇನ್ನೊಂದು ವರ್ಷ ಇವರದೇ. ಕೆಳಗೆ ಒಂದು ಸಾಲಿನ ಟಿಪ್ಪಣಿ: "ಕೊನೆಯ ರಚನೆಯ ಮೌನ ತುಸು ಅವಸರದ್ದಾಯಿತು." ಟೀಚರ್ ಅದನ್ನು ಕತ್ತರಿಸಿ ರಾಳದ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡಿದ್ದಾರೆ.

ಆದರೆ ಭಾನುವಾರ ಮಧ್ಯಾಹ್ನ ಈ ಪತ್ರ ಇನ್ನೂ ಬಂದಿರಲಿಲ್ಲ. ಜನ ಕರಗುತ್ತಿದ್ದಾರೆ. ಹಿಂದಿನ ಕೋಣೆಯಲ್ಲಿ ಅಕ್ಕ ಕಮಾನುಗಳನ್ನು ಒರೆಸಿ ಕೊಡುತ್ತಿದ್ದಾರೆ, ತಮ್ಮ ಪೆಟ್ಟಿಗೆಗೆ ಹಾಕುತ್ತಿದ್ದಾರೆ. ಗಡಿಬಿಡಿಯ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ, ಕೆಲಸದ ಸಮವಸ್ತ್ರದಲ್ಲೇ ಬಂದಿರುವ ಬಸ್ ಚಾಲಕ. ಹುಡುಗಿ ಅವರ ಬೆನ್ನ ಹಿಂದೆ ಮೂಗೆಳೆಯುತ್ತಿದ್ದಾಳೆ.

"ಟೀಚರ್, ನನ್ನ ಮಗಳು ಏನೋ ತಪ್ಪು ಮಾಡಿಬಿಟ್ಲಂತೆ. ಒಂದೇ ಸಮ ಅಳ್ತಿದ್ದಾಳೆ."

"ಹೂಂ, ಮಾಡಿದ್ಲು. ಒಂದು ಎಣಿಕೆ ಮುಂಚೆ ಬಂದ್ಲು. ಬರೋ ವಾರದಿಂದ ಎಣಿಸೋದು ಕಲಿಸ್ತೀನಿ." ಟೀಚರ್ ಕೈಯಲ್ಲಿದ್ದ ಕಮಾನನ್ನು ಕೆಳಗಿಡುತ್ತಾರೆ. "ನಿಮಗೆ ಕೇಳಿಸ್ತಾ?"

"ಕೇಳಿಸ್ದೆ ಇರುತ್ತಾ? ಕೊನೇ ಸಾಲಲ್ಲಿ ಕೂತಿದ್ದೆ. ಅಲ್ಲಿವರೆಗೂ ಬಂತು. ಇವಳದೇ ಅಂತ ಗೊತ್ತಾಗೋಯ್ತು."

ಟೀಚರ್ ತಮ್ಮನ ಕಡೆ ತಿರುಗುತ್ತಾರೆ. "ಕೇಳಿಸ್ತಂತೆ ಕಣೋ," ಎನ್ನುತ್ತಾರೆ.