ಕೊಡಿಗೇಹಳ್ಳಿಯ ಮುಚ್ಚಿದ ಬೋರ್‌ವೆಲ್

ಯಶವಂತಪುರದಲ್ಲಿ ಬಸ್ ಹತ್ತಿದಾಗ ಬೆಳಿಗ್ಗೆ ಎಂಟೂವರೆ. ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಕೊಡಿಗೇಹಳ್ಳಿಗೆ ಬೋರ್ ಕೊರೆಯುವ ಲಾರಿ ಬರುವುದಿತ್ತು. ಅಲ್ಲಿ ಲೋಹಕ್ಕೆ ಕ್ರೋಮಿಯಂ ಬಳಿಯುತ್ತಿದ್ದ ಶೆಡ್ಡೊಂದು ಬಾಗಿಲು ಹಾಕಿ ವರ್ಷಗಳಾದರೂ, ಅದು ನೆಲಕ್ಕೆ ಬಿಟ್ಟ ವಿಷ ಅಂತರ್ಜಲದಲ್ಲಿ ಹರಡುತ್ತಲೇ ಇತ್ತು. ಎಲ್ಲಿ ಕೊರೆದು ಎಷ್ಟು ನೀರೆತ್ತಿದರೆ ಅದು ಬೇಗ ಹೊರಬರುತ್ತದೆ ಎಂದು ನಮ್ಮ ಕಾಲೇಜಿನ ಕಂಪ್ಯೂಟರ್ ಸಾವಿರಾರು ಬಗೆಯಲ್ಲಿ ಲೆಕ್ಕ ಹಾಕಿ ಮೂರು ಜಾಗ ಆರಿಸಿತ್ತು. ಹೋದ ವರ್ಷ ಮನೆಮನೆಗೆ ಹೋಗಿ ಬರೆದುಕೊಂಡು, ಅದಕ್ಕೆ ಊರಿನ ಬೋರ್‌ವೆಲ್‌ಗಳ ಪಟ್ಟಿ ಕೊಟ್ಟವಳು ನಾನು.

ಹೋದ ವಾರ ಊರಿನ ಪೂರ್ವಕ್ಕೆ, ಕಂಪ್ಯೂಟರ್ ಶುದ್ಧ ಎಂದಿದ್ದ ಕಡೆ, ಪರೀಕ್ಷೆಗೆಂದು ನಾವು ಕೊರೆದ ಕಿರುಕೊಳವೆಯ ನೀರಿನಲ್ಲಿ ವಿಷ ಸಿಕ್ಕಿತು. ಸ್ಯಾಂಪಲ್ ಕೆಟ್ಟಿರಬೇಕು ಎಂದು ನಮ್ಮ ಸರ್ ತಳ್ಳಿಹಾಕಿದರು. ಧಾರವಾಡದವಳ ಹಟ, ನಾನು ಬಿಡಲಿಲ್ಲ. ಆ ಕಡೆ ಯಾರೋ ನೀರೆಳೆಯುತ್ತಿದ್ದಾರೆ, ಅದರೊಂದಿಗೆ ವಿಷವೂ ಅತ್ತ ಹರಿಯುತ್ತಿದೆ ಎಂದೇ ನನ್ನ ಅನುಮಾನ.

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ ನಲವತ್ತು ನಿಮಿಷ ನಿಂತಿತು. ಕೆಳಗೆ ಕೆರೆಯಲ್ಲಿ ಕೊಕ್ಕರೆಗಳೂ ನಿಂತಿದ್ದವು. ಅವುಗಳ ತಾಳ್ಮೆ ನನಗಿರಲಿಲ್ಲ. ಪಟ್ಟಿಯನ್ನು ಮೂರನೇ ಸಲ ತೆಗೆದೆ. ಪೂರ್ವಕ್ಕೆ ಇದ್ದದ್ದು ಒಂದೇ ಬೋರ್‌ವೆಲ್: ಜಯಮ್ಮನವರದು, ‘ಮುಚ್ಚಿದೆ’. ಅಕ್ಷರ ನನ್ನದೇ.

ಕೊಡಿಗೇಹಳ್ಳಿ ಗೇಟ್‌ನಲ್ಲಿ ಇಳಿದು ಸುಡುವ ಬಿಸಿಲಲ್ಲಿ ಕಾಲು ಗಂಟೆ ನಡೆದೆ. ಜಯಮ್ಮ ಹಳೇ ಒಕ್ಕಲು ಮನೆತನದವರು. ರಾಗಿ ಹೊಲವಿದ್ದಲ್ಲಿ ಈಗ ಎಂಟು ಬಾಡಿಗೆ ಮನೆ ಕಟ್ಟಿಸಿದ್ದಾರೆ. ಹೋದ ವರ್ಷದಂತೆಯೇ ಜಗಲಿಯಲ್ಲಿ ಕೂರಿಸಿ ಕಾಫಿ ತರಲು ಒಳಗೆ ಹೋದರು. ಹಿತ್ತಲಲ್ಲಿ ನೀರು ಬೀಳುವ ಸದ್ದಾಗುತ್ತಿತ್ತು. ಎದ್ದು ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಅಡಿಯಿಂದ ಪೈಪೊಂದು ಹೊರಟು ಬಾಡಿಗೆ ಮನೆಗಳ ಮೇಲಿನ ಟ್ಯಾಂಕ್ ತುಂಬಿಸುತ್ತಿತ್ತು.

ಜಯಮ್ಮ ಅಲ್ಲಿಗೇ ಕಾಫಿ ತಂದು ಕೈಗಿತ್ತಾಗ, ಬೋರ್ ಮುಚ್ಚಿದೆ ಅಂದಿದ್ದಿರಲ್ಲ ಎಂದು ಕೇಳಿದೆ. ಜಯಮ್ಮ ಸ್ವಲ್ಪವೂ ಅಳುಕದೆ ನಕ್ಕರು.

“ಪೆನ್ನು ಇಡ್ಕೊಂಡ್ ಬಂದೋರ್ಗೆಲ್ಲ ಮುಚ್ಚೈತೆ ಅಂತಾನೇ ಏಳೋದು ಕಣಮ್ಮ. ಇಲ್ದಿದ್ರೆ ದಂಡ ಆಕ್ತಾರೆ.”

ಅವರನ್ನು ಏನೆನ್ನಲಿ? ಹೋದ ವರ್ಷ ಎದ್ದು ಹಿತ್ತಲಿಗೆ ಹೋಗದೆ ಬರೆದುಕೊಂಡವಳು ನಾನು. ಆತುರಗಾರನಿಗೆ ಬುದ್ಧಿ ಮಟ್ಟ. ಅಲ್ಲಿಂದಲೇ ಸರ್‌ಗೆ ಫೋನ್ ಮಾಡಿ, ಲಾರಿ ಬೇಡ, ಲೆಕ್ಕವನ್ನೇ ಹೊಸದಾಗಿ ಹಾಕಬೇಕು ಎಂದೆ. ಚೆನ್ನಾಗಿ ಬೈದು, ಆಮೇಲೆ ಒಪ್ಪಿದರು.

ಕಾಫಿ ಲೋಟ ಕೈಯಲ್ಲೇ ಇತ್ತು. ಆರಿಹೋಗುತ್ತೆ, ಕುಡಿ ಎಂದರು ಜಯಮ್ಮ. ಬಿಟ್ಟರೆ ಅವರಿಗೆ ಅವಮಾನ, ಕುಡಿದರೆ ನೀರು ಸರಿಯಿದೆ ಎಂದು ನಾನೇ ಸುಳ್ಳು ಹೇಳಿದಂತೆ. ಲೋಟ ಕೆಳಗಿಟ್ಟು ಹೇಳಿಬಿಟ್ಟೆ: “ಪರೀಕ್ಷೆ ಆಗೋವರೆಗೂ ಈ ನೀರು ಯಾರೂ ಕುಡೀಬೇಡಿ ಅಮ್ಮ. ವಿಷ ಇತ್ತ ಕಡೆ ಬಂದಿದೆ.”

ಜಯಮ್ಮ ಲೋಟವನ್ನೇ ನೋಡುತ್ತ ನಿಂತರು.

“ಓದ್ ವರ್ಷಾನೂ ಇದೇ ನೀರ್ನಲ್ಲೇ ಕಾಫಿ ಕೊಟ್ಟಿದ್ದೆ. ಅವತ್ತೇ ಒಂದ್ಸಲ ಇತ್ಲಿಗೆ ಬಂದ್ ನೋಡಬಾರ್ದಿತ್ತಾ ತಾಯಿ?”

ಅವರು ಒಳಗೆ ಹೋಗಿ ಮೋಟಾರ್ ಆರಿಸಿದರು. ನಾನು ಚೀಲ ಹೆಗಲಿಗೇರಿಸಿ ಹೊರಟೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ, ಜಯಮ್ಮ ಮೊದಲ ಬಾಡಿಗೆ ಮನೆಯ ಬಾಗಿಲು ತಟ್ಟುತ್ತಿದ್ದರು. ಇನ್ನೂ ಏಳು ಬಾಗಿಲಿದ್ದವು.

ಪೆನ್ನನ್ನು ಚೀಲದೊಳಕ್ಕೆ ಹಾಕಿ ವಾಪಸ್ ನಡೆದೆ. ಎಂಟನೆಯ ಬಾಗಿಲಿನಿಂದ ನಾನು ಶುರುಮಾಡಿದೆ.